ಪ್ಲಗ್ ಅಕ್ಕನ ಹಿಂಗೈ

ನಮ್ಮ ದೋಣಿಕಟ್ಟೆಯಲ್ಲಿ ನಲವತ್ತೆರಡು ದೋಣಿಗಳಿವೆ. ವಾರವಿಡೀ ಅವು ಹಗ್ಗಕ್ಕೆ ಕಟ್ಟಿಸಿಕೊಂಡು ಸುಮ್ಮನೆ ತೂಗುತ್ತಿರುತ್ತವೆ. ಮಾಲೀಕರು ಊರೊಳಗೆ ಕೂತು, ತಾವು ನೀರಿನ ಮೇಲೆ ಬದುಕುವ ಜನ ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಳ್ಳುತ್ತಿರುತ್ತಾರೆ. ಅವರಿಲ್ಲದಾಗಲೂ ದೋಣಿಯೊಳಗೆ ಫ್ರಿಜ್ಜು ಗುಂಯ್‌ಗುಡುತ್ತದೆ, ತಳದ ನೀರೆತ್ತುವ ಪಂಪಿನ ಬ್ಯಾಟರಿ ಚಾರ್ಜಾಗುತ್ತದೆ. ಕರೆಂಟು ದಡದ ಕಂಬದಿಂದ, ಒಂದು ದೋಣಿಗೆ ಒಂದು ಕೇಬಲ್ಲಿನಂತೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅವನ್ನು ನೋಡಿಕೊಂಡು ಬರುವವಳು ಪ್ಲಗ್ ಅಕ್ಕ.

ಅಕ್ಕ ಇಪ್ಪತ್ತೆರಡು ವರ್ಷ ಇಸ್ತ್ರಿ ಅಂಗಡಿ ನಡೆಸಿದವಳು. ಪೆಟ್ಟಿಗೆ ಹಿಡಿದು ಹಿಡಿದು ಅಂಗೈ ದಪ್ಪಗಾಗಿ ಬಿಸಿಯೇ ತಿಳಿಯದಂತಾದಾಗ ಹಿಂಗೈಯಿಂದ ನೋಡಲು ಕಲಿತಳು. ಇಲ್ಲಿಗೆ ಬಂದ ಮೇಲೂ ಅದೇ ಅಭ್ಯಾಸ. ಒಂದೊಂದು ಪ್ಲಗ್ಗಿಗೂ ಹಿಂಗೈ ತಾಗಿಸುತ್ತಾಳೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ತಣ್ಣಗಿದ್ದರೆ ಮುಂದಕ್ಕೆ. ಬೆಚ್ಚಗಿದ್ದರೆ ಕಿತ್ತು, ಮಾಲೀಕರಿಗೆ ಫೋನು. ಅವಳ ಕಾನೂನು ಒಂದೇ: ತಂಪು ಮಾಡೋದು, ನೀರೆತ್ತೋದು ಒಂಟಿಯಾಗಿರಬಹುದು, ಬಿಸಿ ಮಾಡೋದರ ಪಕ್ಕ ಮನುಷ್ಯ ಇರಲೇಬೇಕು.

ಈ ಕಾನೂನು ಒಪ್ಪದವರು ಒಬ್ಬರೇ, ನಿವೃತ್ತ ಸೂಪರಿಂಟೆಂಡೆಂಟ್ ಸಾಹೇಬರು. ಎಲ್ಲರೂ ದೋಣಿಯ ಒಂದು ಬೀಗದಕೈಯನ್ನು ಕಟ್ಟೆಯ ಆಫೀಸಿನಲ್ಲಿ ಕೊಟ್ಟಿದ್ದರೆ, ಇವರು ಕೊಟ್ಟಿರಲಿಲ್ಲ. ಜವಾಬ್ದಾರಿಯನ್ನು ಇನ್ನೊಬ್ಬರ ಮೇಲೆ ಹಾಕುವ ಸ್ವಭಾವ ತಮ್ಮದಲ್ಲವಂತೆ.

ಆ ಗುರುವಾರ ಸಾಹೇಬರು ಒಂದು ಕೈಯಲ್ಲಿ ಹೀಟರು, ಇನ್ನೊಂದರಲ್ಲಿ ತೇವ ಹೀರುವ ಮಷೀನು, ಕಂಕುಳಲ್ಲಿ ಫ್ಯಾನು ಹಿಡಿದು ಬಂದರು. ಕಾರಣ ಗಂಭೀರವಾಗಿತ್ತು. ಮನೆಯಲ್ಲಿ ಅವರ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಭಾನುವಾರ ಬಂದು ಮೂಸಿ ನೋಡ್ತೀನಿ. ಮತ್ತೆ ಆ ಮುಗ್ಗಲು ವಾಸನೆ ಬಂತೋ, ಸೋಮವಾರ ದೋಣಿ ಮಾರ್ತೀವಿ." ಆಕೆಯ ಮೂಗು ಪಕ್ಕದ ಮನೆಯ ಹಾಲು ಸೀಯುವ ಮುಂಚೆಯೇ ಹೇಳುವಂಥದ್ದು.

"ಸಾರ್, ಹೀಟರ್ ಬಿಟ್ಟು ಹೋಗ್ಬೇಡಿ. ಮೂರೂ ಒಂದೇ ಎಕ್ಸ್‌ಟೆನ್ಶನ್‌ಗೆ ಬೇರೆ ಹಾಕಿದ್ದೀರ" ಎಂದಳು ಬಾಗಿಲಲ್ಲಿ ಇಣುಕಿದ ಅಕ್ಕ.

"ನೋಡಮ್ಮಾ, ಮೂವತ್ತೊಂದು ವರ್ಷ ಸರ್ವಿಸು. ನಾನ್ನೂರು ಜನ ಕೈ ಕೆಳಗಿದ್ರು. ಹೀಟರ್ ಒಂದು ನನ್ನ ಮಾತು ಕೇಳಲ್ವಾ?"

"ಅವರಿಗೆ ಸಂಬಳ ಬರ್ತಿತ್ತು ಸಾರ್, ಕೇಳ್ತಿದ್ರು."

ಸಾಹೇಬರು ಬೀಗ ಹಾಕಿ ಹೊರಟರು.

ಶುಕ್ರವಾರ ಬೆಳಿಗ್ಗೆ ಅವರ ಕಂಬದ ಪ್ಲಗ್ಗಿಗೆ ಹಿಂಗೈ ಇಟ್ಟವಳು ಚಟ್ಟನೆ ತೆಗೆದಳು. ಕೇಬಲ್ ಕಿತ್ತು ಸಾಹೇಬರಿಗೆ ಫೋನು ಮಾಡಿದಳು. ಸ್ವಿಚ್ ಆಫ್. ನಿವೃತ್ತರ ಸಂಘದಲ್ಲಿ ಅವರು 'ಎಚ್ಚರಿಕೆಯ ಬದುಕು' ಎಂಬ ವಿಷಯವಾಗಿ ಮಾತಾಡುತ್ತಿದ್ದರು. ಆಫೀಸಿನ ಪುಸ್ತಕದಲ್ಲಿ ಎರಡನೆಯ ನಂಬರು ಅವರ ಹೆಂಡತಿಯದು. ಆಕೆ ಮನೆಯಲ್ಲಿದ್ದ ಬೀಗದಕೈ ಹಿಡಿದು ಅರ್ಧ ಗಂಟೆಯಲ್ಲಿ ಬಂದರು.

ಒಳಗೆ ಎಕ್ಸ್‌ಟೆನ್ಶನ್ ಪೆಟ್ಟಿಗೆಯ ಒಂದು ಮೂಲೆ ಕರಗಿ, ಕೆಳಗಿನ ಚಾಪೆಗೆ ಅಂಟಿಕೊಂಡಿತ್ತು.

"ಮಧ್ಯಾಹ್ನದವರೆಗೆ ಬಿಟ್ಟಿದ್ರೆ?" ಎಂದರು ಆಕೆ.

"ಬೇಡ ಬಿಡಿ ಅಮ್ಮಾ, ಬಿಟ್ಟಿಲ್ವಲ್ಲ."

ಬಂದದ್ದಾಯಿತು, ಸುಮ್ಮನೆ ಹೋಗುವುದೇಕೆ ಎಂದು ಇಬ್ಬರೂ ಸೆರಗು ಸಿಕ್ಕಿಸಿದರು. ಕಿಟಕಿ, ಮೇಲಿನ ಮುಚ್ಚಳ ಎಲ್ಲ ತೆರೆದರು. ಸೀಟಿನ ಮೆತ್ತೆ ಎತ್ತಿದಾಗ ಮುಗ್ಗಲಿನ ಮೂಲ ಸಿಕ್ಕಿತು: ಮೂರು ತಿಂಗಳ ಹಿಂದೆ ಸಾಹೇಬರು ಮೈ ಒರೆಸಿ ಮಡಚಿಟ್ಟ ಒದ್ದೆ ಟವೆಲು. ಅದರ ಮೇಲೆ ಬೂಷ್ಟೇ ಸಂಸಾರ ಹೂಡಿತ್ತು. ಅಮ್ಮನವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನಗತೊಡಗಿದರು, ಅಕ್ಕನೂ ಸೇರಿದಳು, ದೋಣಿ ಅಲುಗಾಡುವಷ್ಟು ನಕ್ಕರು. ಮೆತ್ತೆಗಳು ಬಿಸಿಲಿಗೆ ಬಿದ್ದವು. ಒಣಗುವ ತನಕ ಅಮ್ಮನವರು ಮೇಲೆ ಕಾಲು ಇಳಿಬಿಟ್ಟು ಕೂತರು. ಗಾಳಿ, ನೀರು, ಅಕ್ಕನ ಹರಟೆ. ಸಂಜೆಯಾದದ್ದೇ ತಿಳಿಯಲಿಲ್ಲ. ಹೋಗುವಾಗ ಫ್ರಿಜ್ಜು, ಪಂಪು ಮಾತ್ರ ಓಡಲಿ ಎಂದು ಅಕ್ಕ ಕೇಬಲ್ ಮತ್ತೆ ಸಿಕ್ಕಿಸಿದಳು.

ಭಾನುವಾರ ಸಾಹೇಬರು ಮುಂದೆ, ಹೆಂಡತಿ ಹಿಂದೆ. ಶುಕ್ರವಾರದ ಸಂಗತಿಯನ್ನು ಆಕೆ ಅವರಿಗೆ ಹೇಳಿರಲಿಲ್ಲ. ಹದಿನಾರು ವರ್ಷ ಕನಸು ಕಂಡು ಕೊಂಡ ದೋಣಿ. ಬಾಗಿಲು ತೆರೆದರು. ಹೆಂಡತಿ ಮೂಸಿದರು. ಇನ್ನೊಮ್ಮೆ ಮೂಸಿದರು.

"ಚೆನ್ನಾಗಿದೆ."

ಸಾಹೇಬರು ದಡದ ಮೇಲಿದ್ದ ಅಕ್ಕನಿಗೆ ಕೇಳುವಂತೆ ಗಂಟಲೇರಿಸಿದರು: "ನೋಡಿದ್ಯಾ? ಮೂರು ದಿನ ಮಷೀನು ಓಡಿದ್ದಕ್ಕೆ! ಕೆಲವರು ಬೇಡ ಅಂದಿದ್ರು."

ಹೆಂಡತಿ ಚೀಲದಿಂದ ಕರಗಿದ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು. ಅದರ ಪಕ್ಕ ಟವೆಲು. "ನಿಮ್ಮ ಮಷೀನು ಶುಕ್ರವಾರ ಬೆಳಿಗ್ಗೆಯೇ ರಿಟೈರ್ ಆಯ್ತು ಕಣ್ರೀ. ಒಣಗಿಸಿದ್ದು ನಾವಿಬ್ರು."

ಸಾಹೇಬರು ಕರಗಿದ ಮೂಲೆಯನ್ನು ಮುಟ್ಟಿದರು. ನಾನ್ನೂರು ಜನರನ್ನು ಗದರಿದ ಬಾಯಲ್ಲಿ ಸಣ್ಣ ದನಿ ಬಂತು: "ಹಾಗಾದ್ರೆ... ಮಾರ್ಬೇಕಾ?"

"ಮಾರಿ. ಹೀಟರ್ ಮಾರಿ. ದೋಣಿ ಮುಟ್ಟಿದ್ರೆ ನೋಡಿ! ಪ್ರತಿ ಶುಕ್ರವಾರ ನನಗೆ ಬೇಕು."

ಸಾಹೇಬರ ಮುಖ ಮಕ್ಕಳ ಮುಖದಂತೆ ಅರಳಿತು. ಜೇಬಿನಿಂದ ಬೀಗದಕೈ ತೆಗೆದು ತಾವೇ ದಡಕ್ಕಿಳಿದು ಅಕ್ಕನ ಕೈಗೆ ಕೊಟ್ಟರು.

ಈಗ ಹೊಸ ಮಾಲೀಕರು ಯಾರೇ ಬರಲಿ, ಸಾಹೇಬರು ಕಂಬದ ಹತ್ತಿರ ಕರೆದೊಯ್ದು ಹಿಂಗೈ ಪರೀಕ್ಷೆ ಹೇಳಿಕೊಡುತ್ತಾರೆ. "ಇದು ನನ್ನ ಸರ್ವಿಸಿನ ಅನುಭವ" ಎಂದೂ ಸೇರಿಸುತ್ತಾರೆ. ಪಕ್ಕದಲ್ಲೇ ನಿಂತ ಪ್ಲಗ್ ಅಕ್ಕ ಮೊದಲ ಸಲ ಕೇಳಿದವಳಂತೆ ಕಣ್ಣರಳಿಸಿ, "ಹೌದಾ ಸಾರ್?" ಎನ್ನುತ್ತಾಳೆ.