ಅಕ್ಕನ ಕೆನ್ನೆಗೆ ಗೊತ್ತಾಗುತ್ತಿದ್ದ ಬಿಸಿ

ಇಪ್ಪತ್ತಾರು ವರ್ಷ ನಮ್ಮಕ್ಕ ಬೇರೆಯವರ ಹಲ್ಲು ಉಜ್ಜಿದಳು. ಬಾಯೊಳಗಿನದಲ್ಲ, ಕಟ್ಟಿಸಿಕೊಳ್ಳುವ ಹಲ್ಲು. ಅಚ್ಚಿನಿಂದ ಒರಟಾಗಿ ಹೊರಬರುವ ಹಲ್ಲುಸೆಟ್ಟನ್ನು ಒಸಡಿಗೆ ಚುಚ್ಚದ ಹಾಗೆ ಉಜ್ಜಿ ನುಣುಪು ಮಾಡುವುದು ಅವಳ ಕೆಲಸ. ಆ ಹಲ್ಲುಸೆಟ್ಟಿನ ಲ್ಯಾಬಿನಲ್ಲಿ, ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ, ಅಚ್ಚಿಗೆ ಮುಂಚೆ ಮೇಣದಲ್ಲಿ ಹಲ್ಲು ಕೂರಿಸುವ ಕೆಲಸ ಮಾಡುತ್ತಿದ್ದವಳು ನಾನು, ಅವಳ ತಂಗಿ. ಮನೆಯಲ್ಲೂ ಅವಳ ಮಾತು ಕೇಳಬೇಕು, ಇಲ್ಲೂ ಕೇಳಬೇಕು, ನನ್ನ ಹಣೆಬರಹ.

ಅವಳ ಮೇಜಿನ ಮೇಲೆ ಕೊಕ್ಕೆಗೆ ಒಂದು ಮೋಟಾರು ನೇತಾಡುತ್ತದೆ. ಅದರಿಂದ ಬಗ್ಗುವ ಕರಿ ಕೊಳವೆಯೊಂದು ಇಳಿದು ಬರುತ್ತದೆ. ಕೊಳವೆಯೊಳಗೆ ತಿರುಗುವ ತಂತಿ, ತುದಿಯಲ್ಲಿ ಪೆನ್ನಿನ ಹಾಗೆ ಹಿಡಿಯುವ ಹ್ಯಾಂಡ್‌ಪೀಸ್, ಅದರ ಬಾಯಿಗೆ ಸಿಕ್ಕಿಸಲು ಬರ್ ಎನ್ನುವ ಉಜ್ಜುವ ಮೊನೆ, ಹೊಳಪು ಕೊಡಲು ಪುಟ್ಟ ಬ್ರಶ್ಶು. ವೇಗವೆಲ್ಲ ಕಾಲಡಿಯ ಪೆಡಲಿನಲ್ಲಿ. ಬರ್ ಬದಲಿಸುವ ಮುಂಚೆ, ಪೆಡಲನ್ನು ತಪ್ಪಿ ಒತ್ತಿಬಿಡದ ಹಾಗೆ, ಅಕ್ಕ ಪಾದವನ್ನು ಎತ್ತಿ ಸ್ಟೂಲಿನ ಅಡ್ಡಪಟ್ಟಿಯ ಮೇಲೆ ಇಡುತ್ತಿದ್ದಳು. ಎಷ್ಟೇ ಅವಸರವಿರಲಿ, ಇಟ್ಟೇ ಇಡುತ್ತಿದ್ದಳು. ಕೊನೆಕೊನೆಗೆ ಬಸ್ಸಿನಲ್ಲಿ ಚೀಲದ ಜಿಪ್ ಎಳೆಯುವಾಗಲೂ ಅವಳ ಬಲಗಾಲು ತಾನಾಗಿ ಮೇಲೇಳುತ್ತಿತ್ತು. ಪೆಡಲಕ್ಕ ಎಂದು ಅವಳಿಗೆ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಕನ್ನಡಕ ಹಾಕದೆ ಹತ್ತಿರ ಬಂದರೆ ಮಾಲೀಕರನ್ನೂ ಬಿಡುತ್ತಿರಲಿಲ್ಲ.

"ಬ್ರಶ್ಶಿನ ಒಂದು ಎಳೆ ಹಾರಿ ಕಣ್ಣಿಗೆ ಬಿದ್ರೆ, ಹಲ್ಲು ಕಟ್ಟಿದ ಹಾಗೆ ಕಣ್ಣು ಕಟ್ಟಿಕೊಡೋಕೆ ನನಗೆ ಬರಲ್ಲ ಸಾರ್."

ಎರಡು ವರ್ಷದ ಹಿಂದೆ ಅವಳ ಬಲಗೈಯ ತೋರುಬೆರಳು ಸುಣ್ಣದ ಹಾಗೆ ಬಿಳಿಚಿಕೊಂಡಿತು. ಆಮೇಲೆ ನಡುಬೆರಳು. ಯಂತ್ರದ ನಡುಕಕ್ಕೆ ಸಿಕ್ಕಿ ಸಿಕ್ಕಿ ಬೆರಳು ಜೋಮು ಹಿಡಿದಿವೆ, ಆ ಕೆಲಸ ಬಿಡಿ ಎಂದು ಡಾಕ್ಟರು ಬರೆದುಕೊಟ್ಟರು. ಅವಳು ಆ ಚೀಟಿಯನ್ನು ಮಡಚಿ ಸಕ್ಕರೆ ಡಬ್ಬಿಯ ಕೆಳಗಿಟ್ಟಳು.

"ಮಾಲೀಕರ ಕಿವಿಗೆ ಬಿದ್ರೆ ನನಗೂ ನಿನಗೂ ಮಾತಿಲ್ಲ, ನೋಡ್ಕೋ."

ಮನೆ ಬಾಡಿಗೆಯದು, ಮಲಗುವ ಕೋಣೆ ನನ್ನ ಜೊತೆ ಹಂಚಿಕೊಂಡದ್ದು. ಆ ಮೇಜೊಂದೇ ಪೂರ್ತಿ ಅವಳದು. ಅದು ಕೈತಪ್ಪಿದರೆ ಅವಳಿಗೆ ಏನುಳಿಯುತ್ತದೆ? ವಾದ ಮಾಡುವ ತ್ರಾಣ ನನಗೂ ಇರಲಿಲ್ಲ. ಚೀಟಿ ಡಬ್ಬಿಯ ಕೆಳಗೇ ಉಳಿಯಿತು.

ಹ್ಯಾಂಡ್‌ಪೀಸ್ ಬಿಸಿಯಾದರೆ ತಕ್ಷಣ ನಿಲ್ಲಿಸಬೇಕು. ಒಳಗೆ ಗ್ರೀಸು ಹೆಚ್ಚಾಗಿದೆ, ಇಲ್ಲವೇ ಕೊಳವೆ ತೀರಾ ಬಗ್ಗಿದೆ ಎಂದು ಅರ್ಥ. ಮೊದಲೆಲ್ಲ ಅದನ್ನು ಬೆರಳೇ ಹೇಳುತ್ತಿತ್ತು. ಈಗ ಅವಳು ಕಾಲು ಎತ್ತಿ, ಬರ್ ಪೂರ್ತಿ ನಿಂತ ಮೇಲೆ, ಯಾರೂ ನೋಡದಾಗ ಹ್ಯಾಂಡ್‌ಪೀಸನ್ನು ಕೆನ್ನೆಗೆ ಒತ್ತಿ ನೋಡತೊಡಗಿದಳು. ಮೊದಲ ಸಲ ಕಂಡಾಗ ನಾನು ಮೇಣದ ಕಡೆಗೆ ಮುಖ ತಿರುಗಿಸಿಕೊಂಡೆ.

ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಒಳಗಿನ ತಂತಿಯನ್ನು ಹೊರಗೆಳೆದು, ಹಳೆಯ ಜಿಡ್ಡು ಒರೆಸಿ ಹೊಸ ಗ್ರೀಸು ಸವರಬೇಕು. ತೀರಾ ತೆಳ್ಳಗೆ, ಎರಡು ಬೆರಳ ನಡುವೆ ತಂತಿ ಜಾರಿದರೆ ಸಾಕು. ಜೋಮು ಹೆಚ್ಚುತ್ತ ಬಂದು, ಹೋದ ತಿಂಗಳು ಆ ಅಳತೆ ಅವಳ ಬೆರಳಿಗೆ ತಿಳಿಯಲೇ ಇಲ್ಲ. ಸವರಿದ್ದೇ ಸವರಿದ್ದು. ಮರುದಿನ ಗ್ರೀಸು ಕೊಳವೆಯಲ್ಲಿ ಇಳಿದು ಹ್ಯಾಂಡ್‌ಪೀಸಿನೊಳಗೆ ತುಂಬಿತು. ಅವತ್ತು ಅವಸರದ ಸೆಟ್ಟು ಮೂರಿದ್ದವು. ಕೆನ್ನೆಗೆ ಒತ್ತಿ ನೋಡಲು ಪುರುಸೊತ್ತಾಗಲಿಲ್ಲ. ಕಪ್ಪು ಜಿಡ್ಡು ಹಲ್ಲುಗಳ ಮೇಲೆ ಸಿಡಿದಾಗಲೇ ಅವಳು ನಿಲ್ಲಿಸಿದ್ದು. ನಾನು ಓಡಿಹೋಗಿ ಅವಳ ಕೈ ಬಿಡಿಸಿದೆ. ಎರಡು ಬೆರಳಿನ ಮೇಲೆ ಬೊಬ್ಬೆ ಎದ್ದಿದ್ದವು. ಅಕ್ಕ ಅದನ್ನು ಇನ್ಯಾರದೋ ಕೈ ಎಂಬಂತೆ ನೋಡಿದಳು.

ಮಾಲೀಕರು ಬಂದರು. "ಯಾರು ಇದಕ್ಕೆ ಇಷ್ಟು ಗ್ರೀಸ್ ತುರುಕಿದ್ದು?"

"ನಾನೇ ಸಾರ್," ಎಂದೆ. "ಅಕ್ಕನಿಗೆ ಹುಷಾರಿರಲಿಲ್ಲ."

ಅಕ್ಕ ಉರಿದುಬಿದ್ದಳು. "ಏಯ್, ಬಾಯ್ಮುಚ್ಚೇ! ನನ್ನ ತಂತೀನ ಯಾವತ್ತಾದ್ರೂ ಇನ್ನೊಬ್ಬರ ಕೈಗೆ ಕೊಟ್ಟಿದೀನಾ?" ಆಮೇಲೆ ಮಾಲೀಕರ ಮುಂದೆ ಕೈ ಚಾಚಿದಳು. "ನಾನೇ ಹಾಕಿದ್ದು ಸಾರ್. ಬೆರಳು ಸತ್ತು ಎರಡು ವರ್ಷ ಆಯ್ತು. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ."

ಮಾಲೀಕರು ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು. ಸೋಮವಾರದಿಂದ ಅವಳು ಸೆಟ್ಟುಗಳನ್ನು ನೋಡಿ ಡಬ್ಬಿಗೆ ಹಾಕುವ ಮೇಜಿಗೆ, ನಾನು ಅವಳ ಮೇಜಿಗೆ ಎಂದರು. ನನ್ನ ಕೈಗೆ ಗಂಟೆಗೊಮ್ಮೆ ಬಿಡುವು ಕೊಡಲೇಬೇಕು ಎಂದೂ ಹೇಳಿದರು. ಅಕ್ಕನಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ.

ಸೋಮವಾರ ಅವಳ ಸ್ಟೂಲಿನ ಮೇಲೆ ಕೂತೆ. ಬರ್ ಬದಲಿಸಲು ಕೈ ಹಾಕಿದೆನೋ ಇಲ್ಲವೋ, ಆಚೆ ಮೇಜಿನಿಂದ ದನಿ ಬಂತು.

"ಕಾಲು!"

ಎತ್ತಿ ಅಡ್ಡಪಟ್ಟಿಯ ಮೇಲಿಟ್ಟೆ.

"ಬರ್ ಪೂರ್ತಿ ಒಳಗೆ ಹೋಗ್ಲಿ. ಬಿಗಿ ಮಾಡೋ ಕೀಲಿ ಹೊರಗೆ ತೆಗೆದ್ಯಾ?"

"ತೆಗೆದೆ ಕಣಕ್ಕಾ, ಉಸಿರಾಡೋಕಾದ್ರೂ ಬಿಡು."

ಅರ್ಧ ಗಂಟೆ ಉಜ್ಜಿ ತಲೆಯೆತ್ತಿದೆ. ಅವಳು ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಷ್ಟು ದಣಿದ ಮುಖವನ್ನು ಅಮ್ಮ ಹೋದ ದಿನವೂ ನಾನು ನೋಡಿರಲಿಲ್ಲ. ಕಾಲು ಎತ್ತಿದೆ. ಬರ್ ನಿಲ್ಲುವವರೆಗೆ ಕಾದೆ.

"ಅಕ್ಕಾ, ಒಂಚೂರು ಬಾ. ಇದು ಬಿಸಿಯಾಗಿದ್ಯಾ ನೋಡು."

ಗೊಣಗುತ್ತ ಎದ್ದು ಬಂದಳು. ಎಲ್ಲರೂ ನೋಡುತ್ತಿದ್ದಂತೆಯೇ ಹ್ಯಾಂಡ್‌ಪೀಸನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ಇಲ್ಲ. ತಣ್ಣಗಿದೆ. ಕೆಲಸ ನೋಡು," ಎಂದಳು.

ಅದು ನನ್ನ ಬೆರಳಿಗೂ ಗೊತ್ತಿತ್ತು.