ಓಟದ ಗೆರೆಯ ಪಕ್ಕದ ಕಂಪ್ಯೂಟರ್

ಬುಸಿರಿಯ ಎಡಗೈ ಭುಜದಿಂದ ಕಳಚಿ ದೂಳಿಗೆ ಬಿದ್ದಾಗ ಸುಹ್ರಾವಿಯವರ ಕಂಪ್ಯೂಟರಿನ ಪರದೆ ಶೇಕಡಾ ಎಪ್ಪತ್ತೊಂದು ಎಂದು ತೋರಿಸುತ್ತಿತ್ತು. ಈ ಅಂಕಿಯನ್ನು ಅವರು ನನಗೆ ಮೂರು ಸಲ ಹೇಳಿದ್ದಾರೆ. ಒಂದು ಸಲವೂ ಬದಲಾಗಿಲ್ಲ, ಅದಕ್ಕೇ ಹಾಗೇ ಬರೆಯುತ್ತಿದ್ದೇನೆ.

ಸುಹ್ರಾವಿ ನಮ್ಮ ಮಡುರಾ ದ್ವೀಪದ ಲರಾಂಗನ್ ಊರಿನವರು. ಮದುವೆಗಳ ವಿಡಿಯೊ ತೆಗೆಯುವುದು ಕಸುಬು. ಕೊಯ್ಲು ಮುಗಿದು ಎತ್ತಿನ ಓಟ ಶುರುವಾದರೆ ಮುಗಿಯುವ ಗೆರೆಯ ಪಕ್ಕ ಡೇರೆ ಹಾಕಿ ಕೂರುತ್ತಾರೆ. ಯಾವ ಜೋಡಿ ಮೊದಲು ಗೆರೆ ದಾಟಿತು ಎಂದು ತೀರ್ಪುಗಾರರ ಕಣ್ಣಿಗೆ ತಿಳಿಯದೆ ಹೋದರೆ ಅವರ ಕ್ಯಾಮೆರಾ ಹೇಳಬೇಕು. ಎರಡು ಕ್ಯಾಮೆರಾಗಳ ಚಿತ್ರ ಹೊಂದಿಸಿ, ದೂಳನ್ನು ತಿಳಿಯಾಗಿಸಿ, ಒಂದೊಂದು ಗೊರಸೂ ಕಾಣುವಷ್ಟು ನಿಧಾನ ಮಾಡಲು ಅವರ ಹಳೆಯ ಕಂಪ್ಯೂಟರಿಗೆ ನಲವತ್ತಮೂರು ನಿಮಿಷ ಬೇಕಿತ್ತು.

ಆ ದಿನ ಹಾಜಿ ದುರಾಹೆಮ್ ಅವರ ಜೋಡಿಯೂ ಮತ್ರಾವಿಯ ಜೋಡಿಯೂ ಒಟ್ಟಿಗೇ ನುಗ್ಗಿ ಬಂದವು. ಮೊಳೆ ಬಡಿದ ಕೋಲಿನ ಏಟಿಗೆ ಎತ್ತುಗಳ ಬೆನ್ನು ಸೀಳಿ ರಕ್ತ ತೊಡೆಗಿಳಿದಿತ್ತು. ಸೀಳಿದಲ್ಲಿ ಮೆಣಸಿನಕಾಯಿ ಅರೆದು ಮೆತ್ತಿದ್ದರು. ತೀರ್ಪುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜನರೆಲ್ಲ ಡೇರೆಯ ಕಡೆ ತಿರುಗಿದರು.

ಅರ್ಧ ಗಂಟೆ ಬರೀ ಬೈಗುಳ ನಡೆಯಿತು. ಆಮೇಲೆ ಹಾಜಿಯವರ ಕಡೆಯವನೊಬ್ಬ ಮತ್ರಾವಿಯ ತಮ್ಮ ಬುಸಿರಿಯನ್ನು ಕೆಣಕಿದ. "ನಿಮ್ಮಣ್ಣ ಸಾಕಿರೋದು ಎತ್ತಲ್ಲ ಕಣೋ, ಹಸು. ಚೊಂಬು ತಂದಿದ್ದೀಯಾ, ಹಾಲು ಕರ್ಕೊಂಡು ಹೋಗು!"

ಬುಸಿರಿ ಕೋಲು ಬೀಸಿದ. ಮೊಳೆಗಳು ಕೆಣಕಿದವನ ಕೆನ್ನೆಗೆ ನಾಟಿಕೊಂಡು ಅಲ್ಲೇ ನಿಂತವು. ಏಟು ತಿಂದವನು ಕೋಲನ್ನು ಕೀಳಲಿಲ್ಲ. ಸೊಂಟದಿಂದ ಕುಡುಗೋಲು ಕಿತ್ತು ಬುಸಿರಿಯ ಭುಜಕ್ಕೆ ಎರಡು ಸಲ ಇಳಿಸಿದ. ಆಸ್ಪತ್ರೆಯ ದಾರಿಯಲ್ಲೇ ಬುಸಿರಿ ಸತ್ತ.

ಪರದೆ ನೂರಕ್ಕೆ ಬಂದಾಗ ಮೈದಾನದಲ್ಲಿ ಯಾರೂ ಇರಲಿಲ್ಲ. ಗೆದ್ದಿದ್ದು ಮತ್ರಾವಿಯ ಜೋಡಿ, ಅರ್ಧ ಗೇಣಿನಿಂದ.

ಮಣ್ಣು ಮಾಡಿದ ಮರುದಿನ ಮತ್ರಾವಿ ಸುಹ್ರಾವಿಯವರ ಮನೆ ಬಾಗಿಲಿಗೆ ಬಂದು ನಿಂತ. "ನಿನ್ನ ಪೆಟ್ಟಿಗೆ ನಿದ್ದೆ ಹೊಡೀತಿತ್ತು, ಅಣ್ಣಾ. ಅಷ್ಟರೊಳಗೆ ನನ್ನ ತಮ್ಮನ್ನ ಕಡಿದು ಹಾಕಿದ್ರು." ಇಷ್ಟೇ ಹೇಳಿ ಹೋದ.

ಸುಹ್ರಾವಿ ಪ್ರೊಸೆಸರ್ ಒಂದನ್ನೇ ಬದಲಾಯಿಸೋಣ ಎಂದುಕೊಂಡರು. ಹೊಸದು ಹಳೆಯ ಬೋರ್ಡಿನಲ್ಲಿ ಕೂರುವುದಿಲ್ಲವಂತೆ. ಬೋರ್ಡು, ಮೆಮೊರಿ, ತಂಪು ಮಾಡುವ ಫ್ಯಾನು ಎಲ್ಲವೂ ಹೊಸದೇ ಆಗಬೇಕು. ಹೆಂಡತಿ ಹೊಸ್ನಿಯಾ ಸಿಡುಕಿದರು. "ಆ ದುಡ್ಡಿಗೆ ಒಂದು ಜೊತೆ ಉಳೋ ಎತ್ತು ಬರುತ್ತೆ. ಅವಾದ್ರೂ ಸಗಣಿ ಹಾಕ್ತವೆ!"

ಹಿರಿಯ ತೀರ್ಪುಗಾರರಾದ, ಊರೆಲ್ಲ ಗೌರವದಿಂದ 'ಕೆ' ಎಂದು ಕರೆಯುವ ತಯ್ಯಿಬ್ ಅವರ ಆಕ್ಷೇಪ ಬೇರೆಯೇ ಇತ್ತು.

"ಹನ್ನೆರಡು ವರ್ಷದಲ್ಲಿ ಎಷ್ಟು ಸಲ ಹಿಂಗೆ ಕಾಯಿಸಿದ್ದೀಯಪ್ಪ?"

"ಹತ್ತೊಂಬತ್ತು ಸಲ, ಕೆ."

"ಹೆಣ ಬಿದ್ದಿದ್ದು?"

"ಒಂದು."

"ಮಿಕ್ಕ ಹದಿನೆಂಟು ಸಲ ಅವ್ರು ಸಾಟೆ ಗಾಡಿ ಹತ್ರ ಸುಟ್ಟ ಮಾಂಸ ತಿಂದ್ರು, ಸಿಗರೇಟು ಸೇದಿದ್ರು, ಬೈದೂ ಬೈದೂ ಗಂಟಲು ಒಣಗಿಸ್ಕೊಂಡ್ರು. ಕೋಪ ಆರೋಕೂ ಹೊತ್ತು ಬೇಕಲ್ವೇನೋ? ಕೋಲು ಕೈಯಲ್ಲಿರುವಾಗ್ಲೇ ಸೋತೆ ಅಂದ್ರೆ ಸುಮ್ನಿರ್ತಾರಾ?"

ಸುಹ್ರಾವಿ ಹಳೆಯ ಕಂಪ್ಯೂಟರಿನಲ್ಲೇ ಮದುವೆ ಕೆಲಸ ಮುಂದುವರಿಸಿದರು. ಎರಡು ತಿಂಗಳು ಹಾಗೇ ಕಳೆಯಿತು. ವೇಗ ಹೆಚ್ಚಿಸಿದರೂ ಹೆಣ ಬೀಳಬಹುದು, ಹೆಚ್ಚಿಸದಿದ್ದರೂ ಬೀಳಬಹುದು. ಮದುವೆ ವಿಡಿಯೊ ಜೋಡಿಸುವಾಗ ಅಕ್ಷತೆಯಂತೆ ಎರಚುವ ಹಳದಿ ಅಕ್ಕಿ ಕಂಡರೂ ಅವರಿಗೆ ದೂಳು ನೆನಪಾಗುತ್ತಿತ್ತಂತೆ.

ಕೊನೆಗೆ ಆ ದಿನದ ಚಿತ್ರಗಳನ್ನೇ ತೆಗೆದುಕೊಂಡು ದೋಣಿ ಹತ್ತಿ ಆಚೆ ದಡದ ಸುರಬಾಯಾ ಪಟ್ಟಣದ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯ ಹುಡುಗಿ ಹೊಸ ಯಂತ್ರಕ್ಕೆ ಚಿತ್ರ ಹಾಕಿದಳು. ಅದೇ ಕ್ಷಣಕ್ಕೆ ಇವರು ತಮ್ಮ ಫೋನಿನಲ್ಲಿ, ಅಂದು ಇಡೀ ಮೈದಾನ ಹಿಡಿದಿದ್ದ ಮೂರನೇ ಕ್ಯಾಮೆರಾದ ಚಿತ್ರವನ್ನು ಎತ್ತುಗಳು ಗೆರೆ ದಾಟಿದಲ್ಲಿಂದ ಓಡಿಸಿದರು. ಎರಡು ನಿಮಿಷ ನಲವತ್ತು ಸೆಕೆಂಡಿಗೆ ಯಂತ್ರ ಕೆಲಸ ಮುಗಿಸಿತು. ಫೋನಿನಲ್ಲಿ ಬುಸಿರಿ ಆಗಿನ್ನೂ ಎತ್ತಿನ ಮೂತಿಗೆ ನೀರು ಸುರಿದು, ಯಾರಿಗೋ ಏನೋ ಕೂಗಿ ನಗುತ್ತಿದ್ದ. ಎರಡೂ ಕೈಗಳಿದ್ದವು.

"ಕಟ್ಟಿಕೊಡಿ, ತಾಯಿ" ಎಂದರು ಸುಹ್ರಾವಿ.

ಮುಂದಿನ ಹಂಗಾಮಿನ ಎರಡನೇ ಓಟದಲ್ಲೇ ಅದೇ ಎರಡು ಜೋಡಿಗಳು ಮತ್ತೆ ಒಟ್ಟಿಗೇ ಗೆರೆಗೆ ಬಂದವು. ಜನ ಸಾಟೆ ಗಾಡಿಯ ಕಡೆ ಹೊರಡುವ ಮೊದಲೇ ಚಿತ್ರ ಸಿದ್ಧವಾಯಿತು. ಕೆ ತಯ್ಯಿಬ್ ಮೂರು ಸಲ ನೋಡಿ ಮೈಕು ಹಿಡಿದರು. ಹಾಜಿಯವರ ಜೋಡಿ ಮೂರು ಬೆರಳಿನಿಂದ ಗೆದ್ದಿತ್ತು.

ಮತ್ರಾವಿಯ ಕೈಯಲ್ಲಿ ಕೋಲು ಹಾಗೇ ಇತ್ತು. ಡೇರೆಯ ಬಟ್ಟೆ ಹರಿದುಕೊಂಡು ಒಳನುಗ್ಗಿದ. "ಆವತ್ತು ನಿದ್ದೆ, ಇವತ್ತು ಲಂಚಾನೇನೋ!" ಮೊದಲ ಏಟು ಸುಹ್ರಾವಿಯವರ ಅಂಗೈ ಸೀಳಿತು. ಎರಡನೆಯದು ಮುಖಕ್ಕೆ ಬಿತ್ತು. ಒಂದು ಮೊಳೆ ಬಲಗಣ್ಣಿನೊಳಗೆ ಇಳಿಯಿತು. ಅವರು ಕಂಪ್ಯೂಟರಿನ ಮೇಲೆ ಬೋರಲು ಬಿದ್ದರು. ಮತ್ರಾವಿ ಬೆನ್ನಿಗೂ ನಾಲ್ಕು ಬಾರಿಸಿದ.

ಹಾಜಿಯವರ ಕಡೆಯವರು ಓಡಿ ಬಂದರು. ಕುಡುಗೋಲುಗಳು ಸೊಂಟದಲ್ಲೇ ಇದ್ದವು. ಗೆದ್ದವರಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಆರು ಜನ ಸೇರಿ ಮತ್ರಾವಿಯನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಕೂತರು. ಕೋಲಿನ ತುದಿಗೆ ಅಂಟಿದ್ದನ್ನು ಕಂಡು ಅವನು ತಾನೇ ವಾಂತಿ ಮಾಡಿಕೊಂಡ.

ಕಣ್ಣು ಉಳಿಯಲಿಲ್ಲ. ಆಸ್ಪತ್ರೆಗೆ ಬಂದ ಕೆ ತಯ್ಯಿಬ್ ಮಂಚದ ಕಾಲಬಳಿ ಕೂತರು. ಆಮೇಲೆ, "ಹಳೇ ಪೆಟ್ಟಿಗೇನೇ ತಗೊಂಬಾರಪ್ಪ" ಎಂದರು.

"ಬೇರೆ ಯಾರಾದ್ರೂ ಸತ್ರಾ, ಕೆ?"

"ಇಲ್ಲ."

"ಯಾರಿಗಾದ್ರೂ ಏಟು?"

"ನಿನಗೇ."

"ನಲವತ್ತು ನಿಮಿಷ ಬಿಟ್ರೆ ಅವ್ರು ಒಬ್ಬರನ್ನೊಬ್ಬರು ಹುಡುಕ್ಕೊಂಡು ಹೋಗ್ತಾರೆ. ಮೂರು ನಿಮಿಷಕ್ಕೆ ಹೇಳಿದ್ರೆ ನನ್ನನ್ನೇ ಹುಡುಕ್ಕೊಂಡು ಬರ್ತಾರೆ. ಹೊಸದೇ ಇರ್ಲಿ."

ಹೊಸ್ನಿಯಾ ಗಂಜಿಯ ಬಟ್ಟಲನ್ನು ಗೋಡೆಗೆ ಎಸೆದರು. "ಹಾಗಾದ್ರೆ ತಲೆಗೆ ಹೆಲ್ಮೆಟ್ಟಾದ್ರೂ ಹಾಕ್ಕೊಂಡು ಕೂತ್ಕೋ! ಇನ್ನೊಂದು ಕಣ್ಣೂ ಕೊಟ್ಟು ಬಂದ್ರೆ ನಿನ್ನ ಕೈ ಹಿಡ್ಕೊಂಡು ಓಡಾಡೋಳು ನಾನಲ್ಲ!"

ಈಗ ಸುಹ್ರಾವಿ ಓಟದ ದಿನ ಬೈಕಿನ ಹೆಲ್ಮೆಟ್ ಹಾಕಿಕೊಂಡೇ ಡೇರೆಯಲ್ಲಿ ಕೂರುತ್ತಾರೆ. ಹೋದ ಭಾನುವಾರ ತೀರ್ಪು ಹೇಳಿದ ಕೂಡಲೇ ಎರಡು ಕಲ್ಲು ಬಂದವು. ಒಂದು ಹೆಲ್ಮೆಟ್ಟಿಗೆ ಬಡಿಯಿತು, ಇನ್ನೊಂದು ಅವರ ಮೊಣಕೈ ಒಡೆಯಿತು. ಸೋತವರು ಸುಹ್ರಾವಿಯವರ ತಾಯಿಯನ್ನೂ ಅಜ್ಜಿಯನ್ನೂ ಬೈಯುತ್ತಾ, ಗೆದ್ದವರ ಗೊಡವೆಗೆ ಹೋಗದೆ ಎತ್ತುಗಳನ್ನು ಲಾರಿಗೆ ಹತ್ತಿಸಿಕೊಂಡು ಹೊರಟುಹೋದರು.