ಜ್ವರಕ್ಕೆ ಯೂನಿಫಾರಂ ಹಾಕಬ್ಯಾಡ್ರಿ

ಈ ವರ್ಷ ಮೇ ತಿಂಗಳ ಕೊನೆಯ ವಾರ, ಶಾಲೆ ಶುರುವಾಗಲು ನಾಲ್ಕು ದಿನ ಇರುವಾಗ, ನಮ್ಮ ಆಟೋ ಮಾಮ ತೀರಿಕೊಂಡರು. ಹೃದಯಾಘಾತ. ಬೆಳಗಿನ ಚಹಾ ಕುಡಿದು ಮನೆಯ ಕಟ್ಟೆಯ ಮೇಲೆ ಕೂತಿದ್ದವರು ಹಾಗೇ ಗೋಡೆಗೆ ಒರಗಿದರು. ಐವತ್ತೆಂಟು ವರ್ಷ. ತೊಗರ್ಸಿ ರಸ್ತೆಯ ನಮ್ಮ ಊರಿನಿಂದ ಏಳು ಮನೆಗಳ ಮಕ್ಕಳನ್ನು ಶಿರಾಳಕೊಪ್ಪದ ಶಾಲೆಗೆ ಕರೆದುಕೊಂಡು ಹೋಗಿ ಬರುತ್ತಿದ್ದರು.

ಅವರು ಕೈಗಡಿಯಾರವನ್ನು ಬಲಗೈಗೆ ಕಟ್ಟುತ್ತಿದ್ದರು. ಎಡಗೈಯಲ್ಲಿ ಉಂಗುರವಿಲ್ಲ, ದಾರವಿಲ್ಲ. ಬಲಗೈಯ ಬೆರಳ ಸಂದಿಯಲ್ಲಿ ಗ್ರೀಸಿನ ಕಪ್ಪು ವರ್ಷಗಳಿಂದ ಕೂತಿತ್ತು, ಎಡಗೈಯನ್ನು ಮಾತ್ರ ಸೋಪು ಹಾಕಿ ತೊಳೆದು ಉಗುರು ಕತ್ತರಿಸಿ ಇಟ್ಟುಕೊಂಡಿರುತ್ತಿದ್ದರು. ಆ ಎಡಗೈಯ ಹಿಂಬದಿಯನ್ನು ಅವರು ದಿನಾ ಬೆಳಿಗ್ಗೆ ಏಳು ಮಕ್ಕಳ ಕುತ್ತಿಗೆಗೆ ಇಟ್ಟು ನೋಡುತ್ತಿದ್ದರು. ಜ್ವರ ಇದ್ದರೆ ಆಟೋ ಹತ್ತಿಸುತ್ತಿರಲಿಲ್ಲ.

ಯಾಕೆ ಎಡಗೈ ಎಂದು ಒಮ್ಮೆ ಕೇಳಿದ್ದೆ. ತಾಲ್ಲೂಕು ವರದಿಗಾರ್ತಿಯಾಗಿ ನನ್ನ ಕೆಲಸವೇ ಕೇಳುವುದು.

"ಬಲಗೈ ನಂಬಬ್ಯಾಡ್ರಿ ಮೇಡಂ. ಈಗಷ್ಟೇ ಚಾ ಲೋಟ ಹಿಡ್ಕಂಡು ಬಂದಿರ್ತತೆ. ಅದಕ್ಕೆ ಎಲ್ಲಾ ಮಕ್ಳೂ ತಣ್ಣಗೇ ಕಾಣ್ತಾವೆ."

"ಹಣೆ ಯಾಕೆ ನೋಡಲ್ಲ?"

"ಹಣೆ ತಾಯಂದಿರ ಕೈಯಾಗೈತೆ. ಮುಖ ತೊಳಸಿ, ಪೌಡರ್ ಹಚ್ಚಿ ಕಳಿಸಿರ್ತಾರೆ. ಕುತ್ತಿಗೆ ಹಿಂದೆ ಯಾರೂ ಪೌಡರ್ ಹಚ್ಚಲ್ಲ."

ಮನೆಯ ಮುಂದೆ ನಿಂತು ಎರಡು ಸಲ ಹಾರನ್ ಹೊಡೆಯುತ್ತಿದ್ದರು. ಮಗು ಬಂದು, ಚೀಲ ಕೊಟ್ಟು, ತಲೆ ಬಗ್ಗಿಸಿ ನಿಲ್ಲಬೇಕು. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡುವಷ್ಟೇ ಸಹಜವಾಗಿ ನಮ್ಮ ಮಕ್ಕಳು ಕುತ್ತಿಗೆ ಒಡ್ಡುತ್ತಿದ್ದವು. ಕೈ ಇಟ್ಟ ಮೇಲೆ ತಾಯಿಗೋ ಅಜ್ಜಿಗೋ ಒಂದು ಪ್ರಶ್ನೆ: "ಔಷಧ ಹಾಕೀರೇನು?" ಈ ಪ್ರಶ್ನೆಗೆ ಬರುವ ಉತ್ತರವನ್ನು ಪರೀಕ್ಷಿಸಲು ಅವರ ಬಳಿ ಯಾವ ಉಪಾಯವೂ ಇರಲಿಲ್ಲ. ಹೇಳಿದ್ದನ್ನು ನಂಬುತ್ತಿದ್ದರು.

ಆ ಪ್ರಶ್ನೆಗೆ ಕಾರಣವಿದೆ. ನಮ್ಮ ಕಡೆ ಶುಂಠಿ ಕಳೆ, ಮೆಕ್ಕೆಜೋಳದ ಕಟಾವು ಬಂತೆಂದರೆ ಹೆಂಗಸರು ಎಂಟು ಗಂಟೆಗೆ ಹೊಲದಲ್ಲಿರಬೇಕು. ಮಗು ಮನೆಯಲ್ಲಿ ಉಳಿದರೆ ದೊಡ್ಡವರೊಬ್ಬರು ಉಳಿಯಬೇಕು. ಅದಕ್ಕೆ ಎಲ್ಲ ಮನೆಗಳಲ್ಲೂ ಒಂದು ಗುಲಾಬಿ ಬಣ್ಣದ ಸಿರಪ್ಪಿನ ಬಾಟಲಿ ಇರುತ್ತದೆ. ಬೆಳಿಗ್ಗೆ ಕುಡಿಸಿದರೆ ಆಟೋ ಬರುವ ಹೊತ್ತಿಗೆ ಮೈ ತಣ್ಣಗಾಗುತ್ತದೆ. ಎರಡನೇ ಪೀರಿಯಡ್ಡಿನ ಹೊತ್ತಿಗೆ ಜ್ವರ ತಿರುಗಿ ಬರುತ್ತದೆ. ಆಗ ಅದು ಶಾಲೆಯವರ ಪಾಡು. ಇದನ್ನು ಆಟೋ ಮಾಮ "ಜ್ವರಕ್ಕೆ ಯೂನಿಫಾರಂ ಹಾಕಿ ಕಳಿಸೋದು" ಎನ್ನುತ್ತಿದ್ದರು. "ಹಂಗೆ ಮಾಡಬ್ಯಾಡ್ರಿ" ಎಂದು ಹೇಳುತ್ತಿದ್ದರೇ ಹೊರತು ಬೈದದ್ದನ್ನು ಯಾರೂ ಕೇಳಿಲ್ಲ. ಉಳಿಯುವವರು ಯಾರೂ ಇಲ್ಲ ಎಂದರೆ, "ನಮ್ಮನೇಲಿ ಬಿಡ್ರಿ" ಎನ್ನುತ್ತಿದ್ದರು. ಅವರ ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಹೊಲಿಗೆ ಮೆಷಿನ್ನಿನ ಪಕ್ಕದ ಮಂಚದ ಮೇಲೆ ನಮ್ಮೂರಿನ ಎಷ್ಟೋ ಜ್ವರಗಳು ಗಂಜಿ ಕುಡಿದು ಮಲಗಿ ಇಳಿದಿವೆ.

ಕುತ್ತಿಗೆ ಮುಟ್ಟಿ ನೋಡುವ ಈ ಅಭ್ಯಾಸ ಶುರುವಾದದ್ದು ಹೇಗೆಂದು ಅವರು ಹೇಳಿದ್ದು ಒಂದೇ ಸಲ. ಮೊದಲು ಬಳ್ಳಿಗಾವಿ ಕಡೆಯ ಮಕ್ಕಳನ್ನು ಕರೆತರುತ್ತಿದ್ದಾಗ, ಜ್ವರವಿದ್ದ ಹುಡುಗಿಯೊಬ್ಬಳಿಗೆ ದಾರಿಯಲ್ಲಿ ಫಿಟ್ಸ್ ಬಂತು. ಕನ್ನಡಿಯಲ್ಲಿ ಅವಳ ಕಣ್ಣು ಮೇಲಾದದ್ದು ಕಂಡಿತು. ಮಿಕ್ಕ ಮಕ್ಕಳನ್ನು ಇಳಿಸದೆಯೇ ಆಸ್ಪತ್ರೆಗೆ ಹೊಡೆದರು. ಹುಡುಗಿ ಉಳಿದಳು. ಆ ಮನೆಯವರನ್ನು ನಾನು ಆಮೇಲೆ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಅವಳು ಈಗ ಕಾಲೇಜಿನಲ್ಲಿದ್ದಾಳೆ.

ಅವರ ಕೈ ತಪ್ಪಿದ್ದೂ ಇದೆ. ಒಂದು ಡಿಸೆಂಬರಿನಲ್ಲಿ ನಮ್ಮ ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗಿಯ ಕುತ್ತಿಗೆ ಬಿಸಿ ಇದೆಯೆಂದು ಬಿಟ್ಟು ಹೋದರು. ಹೋದ ಹತ್ತು ನಿಮಿಷಕ್ಕೆ ಹುಡುಗಿ ಹುಣಿಸೆ ಮರದ ಕೆಳಗೆ ಕುಂಟಾಬಿಲ್ಲೆ ಆಡುತ್ತಿತ್ತು. ಜ್ವರವೇ ಇರಲಿಲ್ಲ. ಚಳಿಗೆ ಬಚ್ಚಲೊಲೆಗೆ ಬೆನ್ನು ಕೊಟ್ಟು ಅರ್ಧ ಗಂಟೆ ಕೂತು ಎದ್ದು ಬಂದಿತ್ತು. ಅವತ್ತು ಶಾಲೆಯಲ್ಲಿ ಕಿರುಪರೀಕ್ಷೆ. ಸಂಜೆ ಅವಳ ಅಜ್ಜಿ ರಸ್ತೆಗೆ ಬಂದು ಆಟೋಕ್ಕೆ ಅಡ್ಡ ನಿಂತರು.

"ಏನಪ್ಪಾ ಡಾಕ್ಟ್ರೇ, ದವಾಖಾನೆ ಮುಚ್ಚಿ ಬಂದ್ಯೇನು? ನಿನ್ನ ಕೈಗೆ ಸರ್ಕಾರ ಸೀಲು ಹೊಡ್ದು ಕೊಟ್ಟೈತೇನು? ನಾಳೆ ನಮ್ಮ ಎಮ್ಮೆ ಕುತ್ತಿಗೇನೂ ನೋಡಿ ಹೋಗು, ಎರಡು ದಿನದಿಂದ ಹುಲ್ಲು ಮುಟ್ಟಿಲ್ಲ."

ಮಕ್ಕಳು ಆಟೋದೊಳಗೆ ಬಿದ್ದು ಬಿದ್ದು ನಕ್ಕವು. ಅವರು ಕೆಳಗಿಳಿದು, "ತಪ್ಪಾತಜ್ಜಿ" ಎಂದರು. ಮರುದಿನ ಶಾಲೆಗೆ ಹೋಗಿ ಟೀಚರಿಗೆ ತಪ್ಪು ತಮ್ಮದೆಂದು ಹೇಳಿ, ಹುಡುಗಿಯಿಂದ ಪರೀಕ್ಷೆ ಬರೆಸಿದರು. ಆಮೇಲಿನ ಚಳಿಗಾಲಗಳಲ್ಲಿ ಹೊಸ ಪ್ರಶ್ನೆ ಸೇರಿತು: "ಒಲೆ ಮುಂದೆ ಕೂತಿದ್ಯೇನೇ?" ಹೌದೆಂದರೆ ಎರಡು ನಿಮಿಷ ಕಾದು ಮತ್ತೆ ಮುಟ್ಟಿ ನೋಡುವರು. ಆ ಎರಡು ನಿಮಿಷದಲ್ಲಿ ಆಟೋದೊಳಗಿನ ಮಕ್ಕಳು ಮಗ್ಗಿ ಹೇಳಬೇಕು. ಅಜ್ಜಿಯ ಎಮ್ಮೆಯನ್ನೂ ಹೋಗಿ ನೋಡಿ ಬಂದರಂತೆ. ಇದು ಅಜ್ಜಿ ಹೇಳಿದ್ದು. ಬೇರೆ ಸಾಕ್ಷಿ ಸಿಕ್ಕಿಲ್ಲ.

ಮೂರು ವರ್ಷದ ಹಿಂದಿನ ಆಗಸ್ಟಿನಲ್ಲಿ, ಎರಡನೇ ಕ್ಲಾಸಿನಲ್ಲಿದ್ದ ನನ್ನ ಮಗಳಿಗೆ ಜ್ವರ ಬಂತು. ಗಂಡ ತರಬೇತಿಗೆಂದು ಶಿವಮೊಗ್ಗಕ್ಕೆ ಹೋಗಿದ್ದರು. ನನಗೆ ಸೊರಬದಲ್ಲಿ ಹತ್ತು ಗಂಟೆಗೆ ತಾಲ್ಲೂಕು ಪಂಚಾಯಿತಿ ಸಭೆ. ಮಗಳನ್ನು ಆಟೋ ಮಾಮನ ಮನೆಯಲ್ಲಿ ಬಿಡಬಹುದಿತ್ತು. ಅದೇ ತಿಂಗಳು ಎರಡು ಸಲ ಬಿಟ್ಟಿದ್ದೆ, ಮೂರನೇ ಸಲ ಕೇಳಲು ಸಂಕೋಚವಾಯಿತು. ಆರೂವರೆಗೆ ಸಿರಪ್ ಕುಡಿಸಿದೆ. ಎಂಟಕ್ಕೆ, ಇರಲಿ ಎಂದು, ಇನ್ನರ್ಧ ಚಮಚ ಕುಡಿಸಿದೆ.

ಎಂಟೂಕಾಲಿಗೆ ಹಾರನ್ ಆಯಿತು. ಮಗಳು ತಲೆ ಬಗ್ಗಿಸಿದಳು. ಕುತ್ತಿಗೆ ತಣ್ಣಗಿತ್ತು.

"ಔಷಧ ಹಾಕೀರೇನು ಮೇಡಂ?"

"ಇಲ್ಲ" ಎಂದೆ.

ಮಗಳು ಒಮ್ಮೆ ನನ್ನನ್ನು ನೋಡಿ ಆಟೋ ಹತ್ತಿದಳು.

ಸಭೆಯಲ್ಲಿ ನನ್ನ ಫೋನ್ ಸದ್ದಿಲ್ಲದ ಸ್ಥಿತಿಯಲ್ಲಿತ್ತು. ಹನ್ನೆರಡು ಗಂಟೆಗೆ ತೆಗೆದು ನೋಡಿದಾಗ ಶಾಲೆಯಿಂದ ಆರು ಕರೆ, ಆಟೋ ಮಾಮನಿಂದ ಒಂಬತ್ತು. ಹತ್ತೂವರೆಗೆ ಮಗಳ ಜ್ವರ ನೂರಾ ಮೂರಕ್ಕೆ ಏರಿ, ಶಾಲೆಯವರು ನನಗೂ ಗಂಡನಿಗೂ ಫೋನ್ ಮಾಡಿ, ಯಾರೂ ಸಿಗದೆ ಅವರನ್ನು ಕರೆದಿದ್ದರು. ಅವರು ಮಗಳನ್ನು ಆಸ್ಪತ್ರೆಗೆ ಒಯ್ದಿದ್ದರು. ಸೊರಬದಿಂದ ಬಸ್ಸು ಹಿಡಿದು ನಾನು ತಲುಪುವಷ್ಟರಲ್ಲಿ ಒಂದೂವರೆ. ಮಗಳು ಮಂಚದ ಮೇಲೆ ಮಲಗಿದ್ದಳು. ಅವರು ಸ್ಟೂಲಿನ ಮೇಲೆ ಕೂತು ಒದ್ದೆ ಬಟ್ಟೆ ಹಿಂಡುತ್ತಿದ್ದರು.

"ಗಾಬರಿ ಬ್ಯಾಡ್ರಿ. ಈಗ ಇಳಿದೈತೆ" ಎಂದರು. "ಸಿಸ್ಟರ್ ಕೇಳಿದ್ರು, ಬೆಳಿಗ್ಗೆ ಏನಾದ್ರೂ ಔಷಧ ಕೊಟ್ಟಾರಾ ಅಂತ. ಇಲ್ಲ ಅಂದೆ. ಬಂದ ಕೂಡ್ಲೆ ಒಂದು ಡೋಸ್ ಹಾಕಿದ್ರು."

ನಾನು ಹೇಳಿದ ಒಂದು ಮಾತು ಅವರ ಬಾಯಿಂದ ಸಿಸ್ಟರಿಗೆ ಹೋಗಿ, ಅಲ್ಲಿ ಚೀಟಿಯ ಮೇಲೆ ದಾಖಲಾಗಿತ್ತು. ಅದನ್ನು ನಂಬಿ ಔಷಧ ಕೊಟ್ಟಿದ್ದರು.

"ಕೊಟ್ಟಿದ್ದೆ" ಎಂದೆ. "ಆರೂವರೆಗೆ ಒಂದು ಸಲ. ಎಂಟು ಗಂಟೆಗೆ ಮತ್ತೆ."

ಅವರು ಬಟ್ಟೆಯನ್ನು ಬಟ್ಟಲಿಗೆ ಹಾಕಿ ಎದ್ದರು. ನೇರ ಹೊರಗೆ ಹೋದರು. ಎರಡು ನಿಮಿಷದಲ್ಲಿ ಡಾಕ್ಟರು ಅವರ ಹಿಂದೆಯೇ ಬಂದರು. ಎಷ್ಟು ಎಂಎಲ್, ಎಷ್ಟೊತ್ತಿಗೆ, ಮಗುವಿನ ತೂಕ ಎಷ್ಟು ಎಂದು ಕೇಳಿ ಬರೆದುಕೊಂಡರು. ಇಷ್ಟಕ್ಕೆ ತೊಂದರೆಯಾಗುವುದಿಲ್ಲ, ಆದರೂ ಸಂಜೆವರೆಗೆ ಕಣ್ಣೆದುರಿಗಿರಲಿ ಎಂದರು. ಆರು ಗಂಟೆಯವರೆಗೆ ಇದ್ದೆವು. ನಡುವೆ ಆಟೋ ಮಾಮ ಹೋಗಿ ಮಿಕ್ಕ ಆರು ಮಕ್ಕಳನ್ನು ಮನೆಗೆ ಬಿಟ್ಟು, ಹೆಂಡತಿ ಕೊಟ್ಟ ಗಂಜಿ ಹಿಡಿದು ವಾಪಸು ಬಂದಿದ್ದರು.

ಅವರ ಆಟೋದಲ್ಲೇ ಮನೆಗೆ ಬರುವ ದಾರಿಯಲ್ಲಿ ಕ್ಷಮೆ ಕೇಳಲು ಬಾಯಿ ತೆರೆದೆ. "ಅದೆಲ್ಲ ಬಿಡ್ರಿ" ಎಂದರು. ಸ್ವಲ್ಪ ಮುಂದೆ ಹೋದ ಮೇಲೆ ಕನ್ನಡಿಯಲ್ಲಿ ನೋಡಿ ಹೇಳಿದರು: "ನಂಗೆ ಹೇಳಿದ್ದು ನಂಗೇ ಇರಲ್ಲ ಮೇಡಂ. ನಾನು ಇನ್ನೊಬ್ಬರಿಗೆ ಹೇಳ್ತಿನಿ."

ಸಭೆಯ ವರದಿ ಮರುದಿನ ಹನ್ನೊಂದು ಸಾಲಿನಲ್ಲಿ ಅಚ್ಚಾಯಿತು.

ಆ ವಾರದಿಂದ ಏಳೂ ಮನೆಗಳ ಮುಂದೆ ಪ್ರಶ್ನೆ ಉದ್ದವಾಯಿತು: "ಔಷಧ ಹಾಕೀರೇನು? ಎಷ್ಟೊತ್ತಿಗೆ? ಎಷ್ಟು?" ಯಾಕೆಂದು ಯಾರೋ ಕೇಳಿದ್ದಕ್ಕೆ, "ಡಾಕ್ಟ್ರು ಕೇಳು ಅಂದಾರೆ" ಎಂದಿದ್ದರಂತೆ. ನನ್ನ ಹೆಸರು ಆ ಏಳು ಮನೆಗಳಲ್ಲಿ ಎಲ್ಲೂ ಬರಲಿಲ್ಲ.

ಈ ವರ್ಷ ಮಾರ್ಚಿನಲ್ಲಿ ಮಗಳಿಗೆ ನಾಲ್ಕನೇ ಕ್ಲಾಸಿನ ವಾರ್ಷಿಕ ಪರೀಕ್ಷೆ. ಶುಕ್ರವಾರ ಕೊನೆಯದು, ಗಣಿತ. ಹಿಂದಿನ ಸಂಜೆ ಜ್ವರ ಬಂದಿತ್ತು. ಬೆಳಿಗ್ಗೆ ಆರಕ್ಕೆ ಔಷಧ ಕೊಟ್ಟೆ. ಹಾರನ್ ಕೇಳಿದ್ದೇ ಅವಳು ಪರೀಕ್ಷೆಯ ಪ್ಯಾಡ್ ಎದೆಗವುಚಿ ಓಡಿಹೋಗಿ ಕುತ್ತಿಗೆ ಒಡ್ಡಿದಳು.

"ತಣ್ಣಗೈತೆ" ಎಂದರು. "ಔಷಧ ಹಾಕೀರೇನು?"

"ಹಾಕಿದ್ದೇನೆ. ಆರು ಗಂಟೆಗೆ. ಒಂದೇ ಸಲ."

ಅವರು ಕೈ ಹಿಂದಕ್ಕೆ ತೆಗೆದರು. "ಹಂಗಾರೆ ಇವತ್ತು ಬ್ಯಾಡ ಪುಟ್ಟಿ. ಟೀಚರ್ ಹತ್ರ ನಾ ಮಾತಾಡ್ತಿನಿ."

ಮಗಳು ಅಲ್ಲೇ ಕಾಲು ಅಪ್ಪಳಿಸಿ ಅಳತೊಡಗಿದಳು. "ಹೇಳಿದ್ಯಾಕಮ್ಮಾ? ಆವತ್ತಿನ ಥರ ಇಲ್ಲ ಅನ್ನಬೇಕಿತ್ತು!"

ಆಟೋದೊಳಗಿನ ಆರು ಮಕ್ಕಳು ಕತ್ತು ಹೊರಗೆ ಹಾಕಿ ನೋಡಿದವು. ಅವರು ಬಗ್ಗಿ ಅವಳ ಚೀಲವನ್ನು ನನ್ನ ಕೈಗೆ ಕೊಡುತ್ತಾ, ಅವಳಿಗೆ ಹೇಳಿದರು: "ಆವತ್ತು ನಿಮ್ಮಮ್ಮ ಮರ್ತಿದ್ರು ಕಣೇ. ನೂರು ಕೆಲಸ ಇದ್ದೋರಿಗೆ ಮರೀತತೆ."

"ಮರೆತಿರಲಿಲ್ಲ ಪುಟ್ಟಿ" ಎಂದೆ. "ಸುಳ್ಳು ಹೇಳಿದ್ದೆ."

ಅವರು ಗಡಿಯಾರ ನೋಡಿಕೊಂಡರು. "ಟೈಮಾತು ರೀ" ಎಂದು ಸೀಟಿಗೆ ಹತ್ತಿದರು.

ಶಾಲೆಯವರು ಪರೀಕ್ಷೆಯನ್ನು ಸೋಮವಾರ ಬರೆಸಲು ಒಪ್ಪಿದರು. ಶನಿವಾರ ರಾತ್ರಿಯೇ ಜ್ವರ ಬಿಟ್ಟಿತ್ತು, ಆಮೇಲೆ ಸಿರಪ್ಪಿನ ಬಾಟಲಿ ಮುಟ್ಟಿರಲಿಲ್ಲ. ಮಿಕ್ಕ ಮಕ್ಕಳಿಗೆ ಅಷ್ಟರಲ್ಲಿ ರಜೆ ಶುರುವಾಗಿತ್ತು. ಎಂಟೂಕಾಲಿಗೆ ಖಾಲಿ ಆಟೋ ಬಂದು ನಿಂತಿತು. ಮಗಳು ತಲೆ ಬಗ್ಗಿಸಿದಳು. ಅವರು ಕೈ ಇಟ್ಟು ನೋಡಿ, ನನ್ನ ಕಡೆ ತಿರುಗಿ ಕೇಳಿದರು.

"ಇಲ್ಲ" ಎಂದೆ.

ಅವರು ಅವಳನ್ನು ಹತ್ತಿಸಿಕೊಂಡು ಹೊರಟರು.